ತಿಪ್ಪಮ್ಮನ ಷರಾ ಕಾಲಮ್ಮು

ರೆಕಾರ್ಡ್ ರೂಮಿಗೆ ಹಾಕಿಬಿಟ್ಟಿದ್ದಾರೆ ಎಂದು ಅಳುತ್ತ ನನಗೆ ಫೋನು ಮಾಡುವ ಹುಡುಗಿಯರಿಗೆ ನಾನು ಹೇಳುವುದು ಒಂದೇ. ಅತ್ತುಬಿಡಿ, ಆಮೇಲೆ ಮೂಗಿಗೊಂದು ಬಟ್ಟೆ ಕಟ್ಟಿಕೊಂಡು ಒಳಗೆ ಹೋಗಿ. ನಾನೂ ಅತ್ತಿದ್ದೆ. ಡಿಗ್ರಿ ಮುಗಿಸಿ, ಇಸ್ತ್ರಿ ಸೀರೆ ಉಟ್ಟುಕೊಂಡು ಕೆಲಸಕ್ಕೆ ಹೋದವಳನ್ನು ಜಿರಲೆಗಳ ಜೊತೆ ಕೂರಿಸಿದರಲ್ಲ ಎಂದು ಒಂದು ವಾರ ಊಟ ಸೇರಿರಲಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದು ನಾಲ್ಕೂ ಕಡೆ ಸುತ್ತಿ, ಮೂವತ್ತೊಂದು ವರ್ಷದ ಮೇಲೆ ಹೊರಗೆ ಬರುವಾಗ ಮತ್ತೆ ಅತ್ತೆ. ಆ ಎರಡು ಅಳುವಿನ ನಡುವೆ ಏನೇನಾಯಿತು ಬರೆದಿಡಿ ಎಂದು ನನ್ನ ಜಾಗಕ್ಕೆ ಬಂದ ಹುಡುಗಿ ಜೀವ ತಿಂದಳು, ಅದಕ್ಕೆ ಇದು. ಯಾವ ತಪ್ಪು ಯಾವ ಕಚೇರಿಯಲ್ಲಿ ನಡೆಯಿತು ಎಂದು ಮಾತ್ರ ಕೇಳಬೇಡಿ. ತಪ್ಪೆಲ್ಲ ನನ್ನದೇ, ಪಾಪ ಆ ಕಟ್ಟಡಗಳು ಏನು ಮಾಡಿದ್ದವು.

ನಮ್ಮ ಕೆಲಸ ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಹಳೆಯ ಜನನ ಮರಣದ ಪುಸ್ತಕ, ಜಮೀನಿನ ಪುಸ್ತಕ, ಇವನ್ನು ಗೆದ್ದಲಿನಿಂದ ಕಾಯುವುದು, ಕೇಳಿದವರಿಗೆ ನಕಲು ಕೊಡುವುದು. ಆದರೆ ಕೇಳಲು ಬರುವವರು ಬರೀ ನಕಲಿಗಾಗಿ ಬರುವುದಿಲ್ಲ. ನಮ್ಮ ತಾತನ ತಾತ ಯಾರು, ಯಾವ ಊರಿಂದ ಬಂದ, ನಮ್ಮಜ್ಜಿಗೆ ಎಷ್ಟು ಜನ ಅಕ್ಕತಂಗಿಯರು ಎಂದು ಮೆಲ್ಲಗೆ ಬಾಯಿ ಬಿಡುತ್ತಾರೆ. ಮೊದಲು ಹೆಳವರು ಎತ್ತಿನ ಮೇಲೆ ಕೂತು ಮನೆ ಬಾಗಿಲಿಗೇ ಬಂದು ಏಳು ತಲೆಮಾರು ಒಪ್ಪಿಸುತ್ತಿದ್ದರು. ಅವರು ಬರುವುದು ಕಡಿಮೆಯಾದಂತೆ ನಮ್ಮ ಬಾಗಿಲಿಗೆ ಜನ ಹೆಚ್ಚಾದರು. ಊರಿನವರು ನನಗೆ ರೆಕಾರ್ಡಮ್ಮ ಎಂದು ಹೆಸರಿಟ್ಟರು. ನಮ್ಮತ್ತೆ ಇಟ್ಟಿದ್ದ ಹೆಸರಿಗಿಂತ ಅದು ಎಷ್ಟೋ ವಾಸಿ.

ನನಗೆ ಕೆಲಸ ಕಲಿಸಿದವರು ಶಾಮಣ್ಣ ಎಂಬ ಹಿರಿಯ ಗುಮಾಸ್ತರು. ಒಣಕಲು ಮನುಷ್ಯ, ಆದರೆ ಕೋಪ ಮೈತುಂಬ. ಒಳಗೆ ಬರುವ ಮುಂಚೆ ಕೈ ತೊಳೆಯಬೇಕು, ಒರೆಸಬೇಕು, ಆಮೇಲೆ ಪುಸ್ತಕ ಮುಟ್ಟಬೇಕು. ಒಂದು ದಿನ ನಾನು ಅಭ್ಯಾಸಬಲದಿಂದ ಬೆರಳನ್ನು ನಾಲಿಗೆಗೆ ತಾಗಿಸಿ ಹಾಳೆ ತಿರುವಿದೆ. ಅವರು ಎದ್ದು ನಿಂತೇ ಬಿಟ್ಟರು. ಸತ್ತವರ ಹೆಸರಿಗೆ ಎಂಜಲು ಹಚ್ಚುತ್ತೀಯಲ್ಲ, ನಿಮ್ಮ ಮನೇಲಿ ದೇವರ ಪಟಕ್ಕೂ ಹೀಗೇ ಮಾಡುತ್ತೀಯ ಎಂದು ಬೈದರು. ಅವತ್ತಿನಿಂದ ಇವತ್ತಿನವರೆಗೆ ಪಂಚಾಂಗದ ಹಾಳೆಯನ್ನೂ ನಾನು ಎಂಜಲಿನಿಂದ ತಿರುವಿಲ್ಲ. ಅದೇ ಎಂಜಲೇ ಮುಂದೊಂದು ದಿನ ದಾಖಲೆಯಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಶಾಮಣ್ಣ ಕೋಲು ತೆಗೆದುಕೊಂಡು ಅವರನ್ನು ಅಟ್ಟುತ್ತಿದ್ದರು.

ನನ್ನ ಮೊದಲ ಎಡವಟ್ಟು ವೈ.ಎನ್.ಹೊಸಕೋಟೆ ಕಡೆಯ ಒಂದು ಮನೆತನದ್ದು. ನಮ್ಮ ಕಡೆ ತಾತನ ಹೆಸರು ಮೊಮ್ಮಗನಿಗೆ ಇಡುತ್ತಾರಲ್ಲ. ಓಬಳೇಶಪ್ಪನ ಮಗ ತಿಮ್ಮಪ್ಪ, ಅವನ ಮಗ ಓಬಳೇಶಪ್ಪ, ಅವನ ಮಗ ಮತ್ತೆ ತಿಮ್ಮಪ್ಪ. ಪುಸ್ತಕದಲ್ಲಿ ಇಷ್ಟೇ ಇರುತ್ತದೆ, ಮುಖ ಇರುವುದಿಲ್ಲ. ನಾನು ಜಾಣೆಯ ಹಾಗೆ ಎರಡು ತಲೆಮಾರನ್ನು ಒಂದೇ ಮಾಡಿ ಅಂದವಾದ ವಂಶವೃಕ್ಷ ಬರೆದುಕೊಟ್ಟೆ. ಮೂರನೇ ದಿನ ಆ ಮನೆಯ ಅಜ್ಜಿ ಬಸ್ಸು ಹತ್ತಿ ಬಂದು ನನ್ನ ಮೇಜಿನ ಮುಂದೆ ಕೂತಳು.

“ಏಮಮ್ಮಾ, ನನ್ನ ತೀಸ್ಕೊಂಡೋಗಿ ನಮ್ಮ ಗಂಡನ ತಾತಂಗೆ ಕಟ್ಟಿಬುಟ್ಟಿದೀಯಲ್ಲ. ನಾನು ಆ ಮುದುಕನ್ನ ಕಣ್ಣಾಗೂ ಕಂಡಿಲ್ಲ” ಎಂದಳು.

ಇಡೀ ಕಚೇರಿ ನಕ್ಕಿತು, ಅಜ್ಜಿಯೂ ನಕ್ಕಳು, ಶಾಮಣ್ಣ ಮಾತ್ರ ನಗಲಿಲ್ಲ. ಅವತ್ತಿನಿಂದ ಒಂದು ಹೆಸರು ಕಂಡರೆ ಅದರ ಜೊತೆ ಹೆಂಡತಿಯ ಹೆಸರು, ಪಕ್ಕದ ಜಮೀನಿನವನ ಹೆಸರು ಎರಡನ್ನೂ ನೋಡದೆ ನಾನು ಮುಂದೆ ಹೋಗಿಲ್ಲ. ನೀವೂ ಹೋಗಬೇಡಿ.

ಎರಡನೆಯದಕ್ಕೆ ನಗುವ ಹಾಗಿಲ್ಲ. ತೀರಿಹೋದ ಒಬ್ಬರ ಬಗ್ಗೆ ದಾಖಲೆ ಹುಡುಕಿಸಲು ಅವರ ಮನೆಮಂದಿಯೆಲ್ಲ ಬಂದಿದ್ದರು. ಸಿಕ್ಕಿದ ಸಂತೋಷದಲ್ಲಿ ನಾನು ಎಲ್ಲರ ಮುಂದೆ ಗಟ್ಟಿಯಾಗಿ ಓದಿಬಿಟ್ಟೆ. ಆ ಮನುಷ್ಯನಿಗೆ ಇನ್ನೊಂದು ಊರಿನಲ್ಲಿ ಇನ್ನೊಂದು ಸಂಸಾರವಿತ್ತು. ಹೆಂಡತಿಗೆ ಅದು ತಿಳಿದದ್ದು ನನ್ನ ಬಾಯಿಂದ, ಸೊಸೆಯಂದಿರ ಎದುರು. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಮೆಟ್ಟಿಲು ಇಳಿದು ಹೋದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಂಜೆ ಶಾಮಣ್ಣ ಬೈಯಲಿಲ್ಲ. ಕಾಗದ ಯಾರದೋ ಅವರೊಬ್ಬರ ಕೈಗೆ ಕೊಡಬೇಕು, ಓದು ಎಂದರೆ ಮಾತ್ರ ಓದಬೇಕು, ಪಕ್ಕದಲ್ಲಿ ಯಾರಿರಬೇಕು ಎಂಬುದನ್ನೂ ಅವರೇ ಹೇಳಬೇಕು ಎಂದರು ಅಷ್ಟೇ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಈಗ ತಿಪ್ಪಮ್ಮನ ವಿಷಯಕ್ಕೆ ಬರುತ್ತೇನೆ. ಇದು ನನ್ನ ನೌಕರಿಯ ಕೊನೆಯ ವರ್ಷದ ಮಾತು.

ಸವಿತಾ ಎಂಬ ಹುಡುಗಿ, ತುಮಕೂರಿನ ಯಾವುದೋ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವಳು, ತನ್ನ ಅಜ್ಜಿಯ ತೌರಿನ ವಂಶವೃಕ್ಷ ಮಾಡಿಸಬೇಕು ಎಂದು ಬಂದಳು. ಅಜ್ಜಿಯೇ ತಿಪ್ಪಮ್ಮ. ಆಗ ಅರವತ್ತೆಂಟು ವರ್ಷ. ತೌರು ತೋವಿನಕೆರೆ ಹತ್ತಿರದ ಒಂದು ಹಳ್ಳಿ, ಕೊಟ್ಟಿದ್ದು ಮಧುಗಿರಿ ಪಕ್ಕಕ್ಕೆ. ಗಂಡ ಗಟ್ಟಿಮುಟ್ಟಾಗಿದ್ದರು, ಮಾತು ಕಡಿಮೆ. ತೌರಿನಲ್ಲಿ ಉಳಿದವನು ಅಣ್ಣ ಈರಣ್ಣ ಒಬ್ಬನೇ, ಎಂಟು ವರ್ಷ ದೊಡ್ಡವನು. ನಾನು ಎರಡು ತಿಂಗಳು ಪುಸ್ತಕ ತಿರುವಿ ಆರು ತಲೆಮಾರು ಹಿಡಿದುಕೊಟ್ಟೆ. ಯಾರನ್ನೂ ಯಾರ ತಾತನಿಗೂ ಕಟ್ಟಲಿಲ್ಲ. ಸವಿತಾ ಅದನ್ನು ದೊಡ್ಡ ಹಾಳೆಯ ಮೇಲೆ ಬರೆದು, ಕೊನೆಗೆ ನಮ್ಮ ಪುಸ್ತಕಗಳಲ್ಲಿ ಇರುವ ಹಾಗೆಯೇ ಒಂದು ಷರಾ ಕಾಲಮ್ಮೂ ಗೆರೆ ಎಳೆದಳು. ಷರಾ ಎಂದರೆ, ಬೇರೆ ಯಾವ ಮನೆಯಲ್ಲೂ ಕೂರದ ಮಾತನ್ನು ಬರೆಯುವ ಜಾಗ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಇವಳು ಲ್ಯಾಬಿನವಳು. ಈಗ ಎಂಜಲಿನಿಂದಲೂ ವಂಶ ಹೇಳುತ್ತಾರೆ, ಡಿಎನ್‌ಎ ಪರೀಕ್ಷೆ, ಅಜ್ಜಿಗೂ ಈರಣ್ಣತಾತನಿಗೂ ಮಾಡಿಸುತ್ತೇನೆ ಎಂದು ಎರಡು ಕೊಳವೆ ತರಿಸಿದಳು. ತಿಪ್ಪಮ್ಮ ನಕ್ಕೊಂಡು ಉಗಿದುಕೊಟ್ಟಳು. ಈರಣ್ಣನದೇ ರಗಳೆ. ಇವತ್ತು ಎಲೆ ಅಡಿಕೆ ಹಾಕಿದೀನಿ, ನಾಳೆ ಬಾ ಎಂದ. ನಾಳೆ ಹೋದರೆ ಉಪವಾಸ ಎಂದ. ಮತ್ತೊಂದು ದಿನ ಬಾಯಲ್ಲಿ ಜೊಲ್ಲೇ ಬರುತ್ತಿಲ್ಲ, ವಯಸ್ಸಾಯ್ತು ಎಂದ. ಕೊನೆಗೆ ಮೊಮ್ಮಗಳು ಮುನಿಸಿಕೊಂಡ ಮೇಲೆ ಮುಖ ಅತ್ತ ತಿರುಗಿಸಿಕೊಂಡು ಉಗಿದ. ಮುದುಕರ ಚೇಷ್ಟೆ ಎಂದು ನಾವೆಲ್ಲ ನಕ್ಕಿದ್ದೇ ನಕ್ಕಿದ್ದು.

ಉತ್ತರ ಬಂತು. ಇವರಿಬ್ಬರೂ ಒಡಹುಟ್ಟಿದವರಲ್ಲ, ಹತ್ತಿರದ ರಕ್ತಸಂಬಂಧವೇ ಇಲ್ಲ ಎಂದಿತ್ತು. ಕೊಳವೆ ಅದಲುಬದಲಾಗಿರಬೇಕು ಎಂದು ಮತ್ತೆ ಕಳಿಸಿದರು. ಈ ಸಲ ಈರಣ್ಣ ಒಂದು ಮಾತೂ ಆಡದೆ ಉಗಿದುಕೊಟ್ಟನಂತೆ. ಮತ್ತೆ ಅದೇ ಉತ್ತರ. ಆಮೇಲೆ ಹತ್ತು ಹನ್ನೆರಡು ದಿನವಾದರೂ ಅವನು ತಂಗಿಯ ಮನೆ ಕಡೆ ತಲೆ ಹಾಕಲಿಲ್ಲ. ಫೋನು ಮಾಡಿದರೆ ಸೊಸೆ ಎತ್ತಿ ಹೊಲಕ್ಕೆ ಹೋಗಿದ್ದಾರೆ ಎನ್ನುತ್ತಿದ್ದಳು.

ಸವಿತಾ ಅಜ್ಜಿಯನ್ನು ಕರೆದುಕೊಂಡು ನನ್ನ ಹತ್ತಿರ ಬಂದಳು. ಹುಡುಗಿಯ ಕಣ್ಣು ಊದಿತ್ತು, ತಾನೇ ಮನೆ ಮುರಿದೆ ಎಂದು ಕೊರಗುತ್ತಿದ್ದಳು. ತಿಪ್ಪಮ್ಮ ಅವಳನ್ನು ಹೊರಗೆ ಕೂರಿಸಿ ಒಬ್ಬಳೇ ಒಳಗೆ ಬಂದಳು.

“ನಾನು ಯಾರ ಮಗಳು ಅನ್ನೋದು ಆಮೇಲಿರ್ಲಿ ಕಣಮ್ಮ” ಎಂದಳು. “ಇನ್ನು ಹತ್ತು ದಿನಕ್ಕೆ ಗೌರಿ ಹಬ್ಬ. ನನ್ನ ಮದ್ವೆ ಆದಾಗ್ನಿಂದ ಒಂದು ವರ್ಷನೂ ತಪ್ದಂಗೆ ಮೊರದ ಬಾಗಿನ ತಂದವ್ನೆ ನಮ್ಮಣ್ಣ. ಕೈ ಮುರ್ಕೊಂಡಿದ್ದಾಗ್ಲೂ ತಂದ. ಈ ಸಲ ಬತ್ತಾನೋ ಇಲ್ವೋ, ಅದು ನಿನ್ನ ಪುಸ್ತಕದಾಗೆ ಐತಾ ನೋಡಿ ಹೇಳು.”

ನಾನು ಎದುರಿಗಿದ್ದ ಪುಸ್ತಕ ಮುಚ್ಚಿಟ್ಟೆ. ಅದು ಯಾವ ಪುಸ್ತಕದಲ್ಲೂ ಇರುವುದಿಲ್ಲವಲ್ಲ.

ಅವಳನ್ನು ಕೂರಿಸಿ, ನೀರು ಕೊಟ್ಟು, ಹುಟ್ಟಿದಾಗಿನ ಕಥೆ ಏನೇನು ಕೇಳಿದ್ದೀಯ ಹೇಳು ಎಂದೆ. ಈರಣ್ಣನಾದ ಮೇಲೆ ಅವರವ್ವನಿಗೆ ಮೂರು ಮಕ್ಕಳು ಹುಟ್ಟಿ ಹುಟ್ಟಿ ಸತ್ತಿದ್ದವು. ಅದಕ್ಕೆ ಇವಳು ಹುಟ್ಟಿದಾಗ ಆಗಿನ ಪದ್ಧತಿಯಂತೆ ಮಗುವನ್ನು ಮಾರಿದರು. ಮಗು ಉಳಿಯಲಿ ಎಂದು ಬೇರೆಯವರ ಮನೆಗೆ ಕೊಟ್ಟುಬಿಡುವುದು, ಮೂರು ದಿನ ಅದು ಅವರ ಮಗು, ಆಮೇಲೆ ಮೊರದಲ್ಲಿ ತೌಡು ಕೊಟ್ಟು ವಾಪಸು ಕೊಳ್ಳುವುದು. ಕೊಂಡ ಮಗು ನಮ್ಮದಲ್ಲ, ಸಾವು ಹುಡುಕಿಕೊಂಡು ಬರುವುದಿಲ್ಲ ಎಂದು ನಂಬಿಕೆ. ತಂದ ಮೇಲೆ ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಮ್ಮ ಎಂದು ಹೆಸರಿಟ್ಟರು. ಮಾರಿದ್ದು ಶಿರಾದ ಅಮೀನಾಬಿ ಎಂಬ ಬಳೆಗಾರ್ತಿಗೆ, ಅವ್ವನಿಗೆ ಬಹಳ ಬೇಕಾದವಳು. ಆಕೆ ಬದುಕಿರುವವರೆಗೆ ವರ್ಷಕ್ಕೊಮ್ಮೆ ಬಂದು ಈ ಹುಡುಗಿಗೆ ಬಳೆ ತೊಡಿಸಿ, ನೆತ್ತಿ ಮೂಸಿ ಹೋಗುತ್ತಿದ್ದಳಂತೆ. ಆಗೆಲ್ಲ ಅವ್ವ ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಇನ್ನು ಈರಣ್ಣನಂತೂ ಜಗಳಕ್ಕೊಮ್ಮೆ, ನಿನ್ನ ತೌಡು ಕೊಟ್ಟು ತಗೊಂಡಿದ್ದು ಎಂದು ಅಳಿಸುತ್ತಿದ್ದ. ಯಾವ ಮನೆಯಲ್ಲಿ ಈ ಮಾತಿಲ್ಲ ಹೇಳಿ. ನಮ್ಮಕ್ಕನೂ ನನಗೆ ಅದನ್ನೇ ಹೇಳಿ ಹೇಳಿ ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ.

ಶಿರಾದ ಮರಣದ ಪುಸ್ತಕ ತೆಗೆಸಿದೆ. ಕೈ ತೊಳೆದು, ಒರೆಸಿ, ಹಾಳೆ ತಿರುವಿದೆ. ಮಸಿ ಮಾಸಿತ್ತು, ಬರವಣಿಗೆ ಮುತ್ತಿನ ಹಾಗಿತ್ತು. ಹೆಣ್ಣು ಮಗು, ಹೆಸರಿಟ್ಟಿಲ್ಲ, ವಯಸ್ಸು ಹದಿಮೂರು ದಿನ, ಕಾರಣ ಜ್ವರ. ತಂದೆಯ ಹೆಸರು, ಊರು ನೋಡಿದರೆ ತಿಪ್ಪಮ್ಮನ ಅಪ್ಪನದು. ಹೆಂಡತಿಯ ಹೆಸರೂ ಸರಿಹೊಂದಿತು. ತಿಳಿಸಿದವರು ಬಳೆ ಅಮೀನಾಬಿ. ಅದಕ್ಕಿಂತ ನಾಲ್ಕು ಸಾಲು ಮೇಲೆ ಇನ್ನೊಂದು ಸಾವು. ಅಮೀನಾಬಿಯ ತಂಗಿ, ಗಂಡನಿಲ್ಲದವಳು, ಹೆರಿಗೆಯಲ್ಲಿ. ಷರಾ ಕಾಲಮ್ಮಿನಲ್ಲಿ ಹೆಣ್ಣು ಮಗು ಜೀವಂತ ಎಂದು ಬರೆದಿತ್ತು.

ನಾನು ಪುಸ್ತಕ ಮುಚ್ಚಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಕೊಳ್ಳಲು ಬಂದ ತಾಯಿಗೆ ತನ್ನ ಮಗು ಇರಲಿಲ್ಲ. ಮಾರಬೇಕಾದವಳ ಮನೆಯಲ್ಲಿ ತಾಯಿಯಿಲ್ಲದ ಮಗು ಒಂದಿತ್ತು. ಆ ಇಬ್ಬರು ಹೆಂಗಸರು ಏನು ಮಾತಾಡಿಕೊಂಡರೋ, ಮಾತೇ ಆಡಲಿಲ್ಲವೋ.

ಶಿರಾದಲ್ಲಿ ಅಮೀನಾಬಿಯ ಮೊಮ್ಮಗ ಈಗಲೂ ಅದೇ ಗಲ್ಲಿಯಲ್ಲಿ ಬಳೆ ಅಂಗಡಿ ಇಟ್ಟಿದ್ದಾನೆ. ಅಲ್ಲಿಗೆ ಹೋಗಿ, ಯಾವ ವಿಷಯವನ್ನೂ ಎತ್ತದೆ ಹಸಿರು ಬಳೆ ಕೇಳಿ, ಮಾತಿಗೆ ಮಾತು ಸೇರಿಸಿ ತೋವಿನಕೆರೆ ಎಂದೆ. ಅವನ ಮುಖ ಅರಳಿತು. ಆ ಕಡೆಯಿಂದ ಒಬ್ಬರು ಅಜ್ಜ ಪ್ರತಿ ವರ್ಷ ಗೌರಿ ಹಬ್ಬಕ್ಕೆ ಬರುತ್ತಾರಂತೆ.

“ನಮ್ಮ ದಾದಿ ಅಮೀನಾಬಿ ಹೋದ್ಮೇಲೆ ಹರ್ ಸಾಲ್ ಅವ್ರೇ ಬರ್ತಾರಮ್ಮಾ. ಕೊರಟಗೆರೆನಲ್ಲಿ ಬಳೆ ಸಿಗಲ್ವಾ ಅಜ್ಜಾ ಅಂದ್ರೆ, ಬಾಗಿನದ ಬಳೆ ಈ ಮನೇದೇ ಆಗ್ಬೇಕು ಅಂತಾರೆ” ಎಂದ.

ಆಗ ನನಗೆ ಗೊತ್ತಾಯಿತು, ಈರಣ್ಣನ ಬಾಯಲ್ಲಿ ಜೊಲ್ಲು ಏಕೆ ಬರುತ್ತಿರಲಿಲ್ಲ ಎಂದು.

ಹಳೆಯ ನಾನಾಗಿದ್ದರೆ ಅವತ್ತೇ ಫೋನು ಹಚ್ಚುತ್ತಿದ್ದೆ. ಈಗ ನಕಲು ಚೀಲದಲ್ಲಿಟ್ಟುಕೊಂಡು ತಿಪ್ಪಮ್ಮನಿಗೆ ಸಿಕ್ಕಿದೆ ಎಂದಷ್ಟೇ ಹೇಳಿದೆ. ಯಾವತ್ತು ತರಲಿ, ಯಾರಿರಬೇಕು ಎಂದು ಕೇಳಿದೆ. ಹಬ್ಬದ ದಿನ ಬಾ ಎಂದಳು. ಅಣ್ಣ ಬಂದರೆ ಅವನ ಮುಂದೆ, ಬರದಿದ್ದರೆ ಒಬ್ಬಳಿಗೇ ಎಂದಳು. ಹಬ್ಬದವರೆಗೆ ಆ ಚೀಲ ನನ್ನ ಮನೆಯ ಮೊಳೆಗೆ ನೇತಾಡುತ್ತಿತ್ತು. ಅದನ್ನು ನೋಡಿ ನೋಡಿ ನನಗೆ ಅನ್ನ ಇಳಿಯಲಿಲ್ಲ.

ಹಬ್ಬದ ದಿನ ಹೋದರೆ ತಿಪ್ಪಮ್ಮ ಹೊಸ ಸೀರೆ ಉಟ್ಟು, ಬರಿಗೈಯಲ್ಲಿ ಜಗಲಿಯ ಮೇಲೆ ಕೂತಿದ್ದಳು. ಬಾಗಿನದ ಬಳೆ ಬರುವವರೆಗೆ ಹಳೆಯ ಬಳೆ ತೆಗೆದಿಡುವುದು ಅವಳ ರೂಢಿ. ಮುತ್ತೈದೆ ಹಬ್ಬದ ದಿನ ಬರಿಗೈಯಲ್ಲಿ ಕೂರಬಾರದು ಎಂದು ಸೊಸೆ ಗೊಣಗಿದರೂ ಕೇಳಲಿಲ್ಲ. ಹತ್ತು ಗಂಟೆಯ ಬಸ್ಸು ಬಂತು, ಹನ್ನೊಂದರದು ಬಂತು. ಪ್ರತಿ ಬಸ್ಸಿಗೂ ಅವಳು ತಲೆ ಎತ್ತುತ್ತಿದ್ದಳು. ಊಟದ ಹೊತ್ತು ಮೀರಿತು. ಗಂಡ ಬಂದು, ಏಳು ಒಂದು ತುತ್ತು ತಿನ್ನು ಎಂದರು. ಅಲ್ಲಾಡಲಿಲ್ಲ. ಕೊನೆಗೆ ಅವರನ್ನು ಒಳಗೆ ಕಳಿಸಿ, ನನ್ನ ಕಡೆ ಕೈ ಚಾಚಿ, ಕೊಡಮ್ಮ, ಇನ್ನು ಓದಿಬುಡು ಎಂದಳು.

ಓದಿದೆ. ಎರಡೂ ಸಾಲು ಓದಿದೆ. ಅವಳು ಅಳಲಿಲ್ಲ. ಎರಡನೆಯದನ್ನು ಇನ್ನೊಂದು ಸಲ ಓದಿಸಿ, ಅವ್ಳ ಹೆಸರೇನು ಎಂದಳು. ಮೆಹಬೂಬಿ ಎಂದೆ. ತುಟಿ ಅಲ್ಲಾಡಿಸಿ ಆ ಹೆಸರನ್ನು ಒಂದು ಸಲ ಹೇಳಿಕೊಂಡಳು. ಆಮೇಲೆ, ಅಂಗಾದ್ರೆ ನಮ್ಮಣ್ಣ ಬರಕಿಲ್ಲ ಬುಡು ಎಂದು ಎದ್ದಳು.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಈರಣ್ಣ ಕಾಣಿಸಿದ. ಶಿರಾದಿಂದ ಬರುವ ಬಸ್ಸು ಹಬ್ಬದ ನೂಕುನುಗ್ಗಲಿನಲ್ಲಿ ಸಿಕ್ಕದೆ ಎರಡು ಕಡೆ ಇಳಿದು ಹತ್ತಿ ಬಂದಿದ್ದನಂತೆ. ತಲೆಯ ಮೇಲೆ ಮೊರ. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು. ಒಳಗೆ ಬರದೆ ಹೊಸ್ತಿಲ ಹೊರಗೇ ನಿಂತ. ತಂಗಿಯ ಮುಖ ನೋಡಿದ, ನನ್ನ ಕೈಯಲ್ಲಿದ್ದ ಕಾಗದ ನೋಡಿದ.

“ನಿಂಗೆ ಗೊತ್ತಿತ್ತಾ?” ಎಂದಳು ತಿಪ್ಪಮ್ಮ.

“ಮೊರ ಹೊತ್ಕೊಂಡು ಶಿರಾಕ್ಕೆ ಹೋಗಿದ್ದೇ ನಾನು ಕಣೇ” ಎಂದ ಈರಣ್ಣ. “ಬರ್ತಾ ನಿನ್ನ ಅದ್ರಾಗೇ ಮಲಗಿಸ್ಕೊಂಡು, ತೊಡೆ ಮೇಲಿಟ್ಕೊಂಡು ಗಾಡಿನಾಗೆ ಕೂತಿದ್ದೆ. ನಮ್ಮ ಮಗೀಗೆ ಕೂದ್ಲೇ ಇರ್ನಿಲ್ಲ, ಇದುಕ್ಕೆ ತಲೆ ತುಂಬ ಐತೆ ಅಂದೆ. ಅವ್ವ ಅಳ್ತಾ ಅಳ್ತಾ ಹೇಳಿದ್ಲು, ಯಾರು ಕೇಳಿದ್ರೂ ಸುಳ್ಳು ಹೇಳ್ಬ್ಯಾಡ ಮಗ, ತೌಡು ಕೊಟ್ಟು ತಗೊಂಡ್ವಿ ಅನ್ನು, ನಿಜಾನೇ ಅಲ್ವಾ ಅಂತ. ಚಿಕ್ಕೋಳಿದ್ದಾಗಿಂದ ಹೇಳ್ತಾನೇ ಇವ್ನಿ. ನೀನೇ ನಂಬ್ನಿಲ್ಲ.”

ತಿಪ್ಪಮ್ಮ ಮೊರದ ಕಡೆ ನೋಡಿದಳು.

“ಗೊತ್ತಾದ್ಮೇಲೆ ನನ್ನ ಬಾಗಿನ ಈಸ್ಕೊತೀಯೋ ಇಲ್ವೋ ಅಂತ ಮೂರು ವಾರದಿಂದ ನಿದ್ದೆ ಇಲ್ಲ ನಂಗೆ” ಎಂದ ಮುದುಕ. ಮೊರವನ್ನು ತಲೆಯಿಂದ ಇಳಿಸಿ ಎರಡೂ ಕೈಯಲ್ಲಿ ಹಿಡಿದುಕೊಂಡ.

ಅವಳು ಹೊಸ್ತಿಲು ದಾಟಿ ಹೋಗಿ ಸೆರಗೊಡ್ಡಿ ಮೊರ ಈಸಿಕೊಂಡಳು. ಆಮೇಲೆ ಒಂದೇ ಸಮನೆ ಬೈಯತೊಡಗಿದಳು. ಊಟದ ಹೊತ್ತು ಮೀರಿಸಿದ್ದಕ್ಕೆ, ಮೂರು ವಾರ ಫೋನು ಎತ್ತದ್ದಕ್ಕೆ, ಬಿಸಿಲಿನಲ್ಲಿ ತಲೆಗೊಂದು ಬಟ್ಟೆ ಇಲ್ಲದೆ ಬಂದಿದ್ದಕ್ಕೆ. ಬೈಯುತ್ತಲೇ ಅತ್ತಳು. ನಾನೂ ಅತ್ತೆ, ನನಗೇನು, ಅಳುವುದು ಹೊಸದಲ್ಲ. ಸವಿತಾ ಅಜ್ಜಿಯ ಕೈಗೆ ಬಳೆ ಏರಿಸಿದಳು. ಅಳತೆ ಸರಿಯಾಗಿತ್ತು.

ಊಟವಾದ ಮೇಲೆ ತಿಪ್ಪಮ್ಮ ಇನ್ನೊಂದು ಮೊರ ತರಿಸಿ, ಅದಕ್ಕೂ ಬಾಗಿನ ತುಂಬಿದಳು. ಇದು ಶಿರಾದ ಮನೆಗೆ, ನಾಳೆ ನಾನೇ ತೆಗೆದುಕೊಂಡು ಹೋಗುತ್ತೇನೆ, ನೀನೂ ಬರಬೇಕು ಎಂದು ಅಣ್ಣನಿಗೆ ಅಪ್ಪಣೆ ಮಾಡಿದಳು. ಆಮೇಲೆ ವಂಶವೃಕ್ಷದ ಹಾಳೆ ಬಿಚ್ಚಿಸಿ, ನನ್ನ ಹೆಸರು ಹೊಡೆದು ಹಾಕ್ತೀಯಾ ಎಂದು ನನ್ನನ್ನು ಕೇಳಿದಳು. ಹೊಡೆಯುವುದಿಲ್ಲ ಎಂದೆ. ಅಂಗಾದರೆ ಆ ಮಗೀನೂ ಸೇರಿಸು, ಅವಳ ಜಾಗದಲ್ಲಿ ನಾನು ಬದುಕಿದ್ದೀನಿ ಎಂದಳು. ಈರಣ್ಣನ ಪಕ್ಕಕ್ಕೆ ಒಂದು ಗೆರೆ ಎಳೆದು, ಹೆಸರಿಡದ ಹೆಣ್ಣು ಮಗು, ಹದಿಮೂರು ದಿನ ಎಂದು ಬರೆದೆ. ಅದರ ಪಕ್ಕದಲ್ಲಿ ತಿಪ್ಪಮ್ಮ ಮೊದಲು ಎಲ್ಲಿದ್ದಳೋ ಅಲ್ಲೇ ಇದ್ದಳು.

ಷರಾ ಕಾಲಮ್ಮಿಗೆ ಬಂದಾಗ ನನ್ನ ಪೆನ್ನು ನಿಂತಿತು. ದತ್ತು ಎಂದರೆ ಕಾಗದವಿಲ್ಲ. ಸಾಕುಮಗಳು ಎಂದರೆ ಅವಳ ಎದುರು ಕೈ ಬಾರದು. ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಏನು ಬರೆಯಬೇಕೆಂದು ತಿಳಿಯದೆ ನಾನು ಇನ್ನೊಬ್ಬರ ಮುಖ ನೋಡಿದ್ದು ಅದೇ ಮೊದಲು. ಈರಣ್ಣ ಕನ್ನಡಕ ಹಾಕಿಕೊಂಡು ಹಾಳೆಯ ಮೇಲೆ ಬಗ್ಗಿ, ಬರ್ಕೋ ಎಂದ. ಅವನು ಹೇಳಿದ ಹಾಗೆಯೇ ಬರೆದೆ. ತೌಡು ಕೊಟ್ಟು ತಗೊಂಡಿದ್ದು, ಒಂದು ಮೊರದ ತುಂಬ, ಸಾಕ್ಷಿ ಅಣ್ಣ ಈರಣ್ಣ.

ಅವನು ಕೆಳಗೆ ರುಜು ಹಾಕಿದ.